ಯುವನಿಧಿಯೋ, ಉದ್ಯೋಗ ಖಾತ್ರಿಯೋ?

ಸಿಂದಗಿ ಕಡೆಯ ಹಳ್ಳಿಯಲ್ಲಿ ಡಿಗ್ರಿ ಮುಗಿಸಿ ಕೂತಿದ್ದೀರಾ? ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಕ್ಕಿರಬಾರದು. ಹೆಚ್ಚೆಂದರೆ ಎರಡು ವರ್ಷ, ಅಷ್ಟೇ.

ಉದ್ಯೋಗ ಖಾತ್ರಿಯ ಲೆಕ್ಕವೇ ಬೇರೆ. 2005ರ ಕಾಯ್ದೆ ಹೇಳಿದ್ದು ಮನೆಗೆ ವರ್ಷಕ್ಕೆ 100 ದಿನ, ತಲೆಗೆ ಅಲ್ಲ. ಆ ಲೆಕ್ಕದಲ್ಲಿ ಅಪ್ಪ, ಅವ್ವ, ನೀವು ಮೂವರೂ ಹೋದರೆ 34ನೇ ದಿನಕ್ಕೆ ಜಾಬ್ ಕಾರ್ಡ್ ಖಾಲಿ! 2025-26ರಲ್ಲಿ ದಿನಗೂಲಿ 370 ರೂಪಾಯಿ, ಗಂಡಿಗೂ ಹೆಣ್ಣಿಗೂ ಒಂದೇ. ನೂರು ದಿನಕ್ಕೆ 37,000. ಯುವನಿಧಿ ವರ್ಷಕ್ಕೆ 36,000. ಹತ್ತಿರ ಹತ್ತಿರ ಒಂದೇ ಅಲ್ವಾ?

ಆದರೆ ಕೂಲಿ ಸಿಗೋದು ಅಗೆದ ಅಳತೆಯ ಮೇಲೆ. ಏಪ್ರಿಲ್ ಬಿಸಿಲಲ್ಲಿ ಒಣಗಿದ ಎರೆ ಮಣ್ಣಿಗೆ ಗುದ್ದಲಿ ಹಾಕಿ ನೋಡಿ, ಕಲ್ಲಿಗೆ ಬಡಿದ ಹಾಗಿರುತ್ತೆ. ಮೊದಲ ವಾರ ಅಂಗೈಯಲ್ಲಿ ಬೊಬ್ಬೆ ಗ್ಯಾರಂಟಿ. ಗುಂಪಿನಲ್ಲಿ ಇಬ್ಬರು ಸುಮ್ನೆ ನೆರಳು ಹುಡುಕಿದರೆ ಎಲ್ಲರ ಕೂಲಿಗೂ ಪೆಟ್ಟು. ಓದಿದವರು ಕಾಯಕ ಬಂಧು, ಅಂದರೆ ಕೂಲಿ ಗುಂಪಿನ ಮೇಟ್, ಆಗಬಹುದು: ಹಾಜರಿ, ಅಳತೆ, ಮೊಬೈಲ್‌ನಲ್ಲಿ ಫೋಟೊ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದರೆ ಯುವನಿಧಿಯೇ ಸರಿ ಅಂತೀನಿ. ಪದವಿ, ಡಿಪ್ಲೊಮಾ ಎರಡೂ ಇಲ್ಲದವರಿಗೆ ಆ ಮಾತೇ ಇಲ್ಲ, ಪಂಚಾಯಿತಿಗೆ ಹೋಗಿ. ಕೆಲಸದ ಅರ್ಜಿ ಕೊಟ್ಟಾಗ ತಾರೀಕು ಹಾಕಿದ ರಸೀದಿ ಮಾತ್ರ ಬಿಡಬೇಡಿ. 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೇಳೋಕೆ ಅದೇ ಪುರಾವೆ.