ಎರಡು ಊರಿನ ಎರಡು ಕರಿ ಮಡಕೆ

ಅಮೆರಿಕದ ನ್ಯೂ ಮೆಕ್ಸಿಕೋಗೆ ಬಂದು ನೆಲೆಸಿದ ಮೇಲೆ ಇಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೊ ಜನರ ಎರಡು ಕರಿ ಮಡಕೆ ಕೊಂಡೆ. ಒಂದು ಸ್ಯಾನ್ ಇಲ್ಡೆಫಾನ್ಸೊ ಊರಿನದು, ಇನ್ನೊಂದು ಪಕ್ಕದ ಸಾಂತಾ ಕ್ಲಾರಾದ್ದು. ಎರಡೂ ಅಂಗೈಯಲ್ಲಿ ಕೂರುವಷ್ಟು ಚಿಕ್ಕವು, ಬೆಲೆಯೂ ಹೆಚ್ಚುಕಡಿಮೆ ಒಂದೇ. ಎರಡು ವರ್ಷದಿಂದ ಒಂದೇ ಕಿಟಕಿಯ ಪಕ್ಕ ಇವೆ.

ಮಾಡುವ ಬಗೆಯೂ ಬಹುಪಾಲು ಒಂದೇ. ತಿಗುರಿ ಬಳಸುವುದಿಲ್ಲ. ಜ್ವಾಲಾಮುಖಿಯ ಬೂದಿ ಬೆರೆತ ಮಣ್ಣನ್ನು ಹಗ್ಗದಂತೆ ಹೊಸೆದು ಸುತ್ತುಸುತ್ತಾಗಿ ಏರಿಸುತ್ತಾರೆ. ಒಣಗಿದ ಮೇಲೆ ಕೆಮ್ಮಣ್ಣಿನ ತಿಳಿ ಬಳಿದು ನುಣುಪಾದ ಕಲ್ಲಿನಿಂದ ತಿಕ್ಕುತ್ತಾರೆ. ಆ ಹೊಳಪೆಲ್ಲ ಕಲ್ಲಿನದು, ಕೈಯದು. ಬಯಲಲ್ಲೇ ಸುಡುತ್ತಾರೆ. ಉರಿ ಹದಕ್ಕೆ ಬಂದಾಗ ಪುಡಿ ಲದ್ದಿ ಸುರಿದು ಮುಚ್ಚಿದರೆ ಗಾಳಿ ಆಡದೆ, ಹೊಗೆ ಒಳಗೇ ಕಟ್ಟಿಕೊಂಡು ಮಡಕೆ ಕಪ್ಪಾಗುತ್ತದೆ. ಮುಚ್ಚದೆ ಬಿಟ್ಟರೆ ಅದೇ ಮಡಕೆ ಕೆಂಪು.

ಬೇರೆಯಾಗುವುದು ಚಿತ್ತಾರದಲ್ಲಿ. ಸ್ಯಾನ್ ಇಲ್ಡೆಫಾನ್ಸೊದವರು ತಿಕ್ಕಿದ ಮೈಮೇಲೆ ಮತ್ತೆ ತಿಳಿಮಣ್ಣಿನಲ್ಲಿ ಬರೆಯುತ್ತಾರೆ. ಬರೆದಲ್ಲಿ ಹೊಳಪು ಅಡಗುತ್ತದೆ. 1919ರ ಸುಮಾರಿಗೆ ಇದನ್ನು ಕಂಡುಕೊಂಡವರು ಮರಿಯಾ ಮಾರ್ಟಿನೆಜ್ ಮತ್ತು ಗಂಡ ಜೂಲಿಯನ್. ಕಟ್ಟಿ ತಿಕ್ಕುತ್ತಿದ್ದುದು ಆಕೆ, ಬರೆಯುತ್ತಿದ್ದುದು ಆತ. ನನ್ನ ಮಡಕೆಯ ಹೆಗಲ ಸುತ್ತ ಅವಾನ್ಯು ಎಂಬ ನೀರಹಾವಿದೆ. ಮಧ್ಯಾಹ್ನ ಅದು ಕಾಣುವುದೇ ಇಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಮಡಕೆ ಮಿರಮಿರನೆ ಮಿಂಚಿ, ಹಾವು ಮಾತ್ರ ಮಸಿಯಂತೆ ಮೇಲೇಳುತ್ತದೆ. ಆ ಹತ್ತು ನಿಮಿಷಕ್ಕಾಗಿ ನಾನು ಕೆಲಸ ಬಿಟ್ಟು ಬಂದು ಕೂತದ್ದಿದೆ.

ಸಾಂತಾ ಕ್ಲಾರಾದ ಹೆಸರಾಂತ ಕೆಲಸ ಕೆತ್ತನೆಯದು. ಸುಡುವ ಮೊದಲೇ ಕೊರೆಯಬೇಕು, ಹಾಗಾಗಿ ಗೋಡೆ ದಪ್ಪ, ಕೈಗೆ ಭಾರ. ಮಾರ್ಗರೆಟ್ ತಫೋಯಾ (1904–2001) ದೊಡ್ಡ ದೊಡ್ಡ ಹರವಿಗಳನ್ನೇ ಹೀಗೆ ಮಾಡಿದವರು. ಅವರ ಮಡಕೆಗಳ ಮೇಲಿನ ಕರಡಿ ಹೆಜ್ಜೆ ಪ್ರಸಿದ್ಧ. ನನ್ನದರಲ್ಲೂ ಅವಾನ್ಯುವೇ. ಊರಿಂದ ಅಮ್ಮ ಬಂದಿದ್ದಾಗ, ಕಣ್ಣಿಗೆ ಪೊರೆ ಬಂದಿತ್ತು, ಮಡಕೆ ಮಡಿಲಲ್ಲಿಟ್ಟು ಬೆರಳಾಡಿಸಿ "ಹಾವಲ್ವೇನೋ ಇದು?" ಎಂದರು. ಇನ್ನೊಂದನ್ನು ಕೊಟ್ಟರೆ "ನುಣ್ಣಗಿದೆ" ಎಂದಷ್ಟೇ ಹೇಳಿದರು.

ಒಂದೇ ಕೊಳ್ಳುವವರಿಗೆ ಸಾಂತಾ ಕ್ಲಾರಾದ್ದೇ ಇರಲಿ ಎನ್ನುತ್ತೇನೆ. ಅದಕ್ಕೆ ಬೆಳಕಿನ ಹೊತ್ತು ಕಾಯಬೇಕಿಲ್ಲ. ಎರಡಕ್ಕೂ ನೀರು ಆಗದು. ಒದ್ದೆ ಬಟ್ಟೆಯಲ್ಲಿ ಒರೆಸಿ ಸ್ಯಾನ್ ಇಲ್ಡೆಫಾನ್ಸೊ ಮಡಕೆಯ ಬುಡದಲ್ಲಿ ಮಂಕು ಕಲೆ ಮಾಡಿಕೊಂಡೆ, ಅದು ಇವತ್ತಿಗೂ ಹೋಗಿಲ್ಲ. ಅಗ್ಗಕ್ಕೆ ಸಿಕ್ಕರೆ ಬಾಯೊಳಗೆ ಬೆರಳಿಟ್ಟು ನೋಡಿ: ಕೈಯಲ್ಲಿ ಕಟ್ಟಿದ್ದರ ಒಳಮೈ ಅಲ್ಲಲ್ಲಿ ಏರುತಗ್ಗಾಗಿರುತ್ತದೆ, ಅಚ್ಚಿನಲ್ಲಿ ಎರೆದದ್ದು ಸುತ್ತಲೂ ಒಂದೇ ಸಮ.