ಹಿತ್ತಲಿಗೆ ಸೆನ್ಸರ್ ಲೈಟ್: ಮೂರು ಕೊಂಡೆ, ಉಳಿಸಿಕೊಂಡಿದ್ದು ಒಂದನ್ನೇ

ಎರಡು ಮಳೆಗಾಲದ ಹಿಂದೆ ಒಂದು ರಾತ್ರಿ ಅಮ್ಮ ಹಿತ್ತಲ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ಕಟ್ಟು ಹಾವು ಮಲಗಿತ್ತು. ಕೈಯಲ್ಲಿ ಟಾರ್ಚ್ ಇತ್ತು, ಬಚಾವಾದರು. ಸಾಗರದ ಕಡೆಯ ಹಳೇ ಮನೆ ನಮ್ಮದು. ಬಚ್ಚಲು, ಬಾವಿ, ಕೊಟ್ಟಿಗೆ ಎಲ್ಲಾ ಹಿಂದುಗಡೆ. ಕತ್ತಲಾದ ಮೇಲೂ ನಾಲ್ಕು ಸಲ ಓಡಾಡಲೇಬೇಕು. ಅಮ್ಮನಿಗೆ 70 ದಾಟಿದೆ, ಸ್ವಿಚ್ ಹುಡುಕಿಕೊಂಡು ಗೋಡೆ ತಡವುವುದು ಬೇಡ ಅಂತ ಮರುದಿನವೇ, ಯಾರಾದರೂ ಓಡಾಡಿದರೆ ತಾನೇ ಹೊತ್ತುವ ಸೆನ್ಸರ್ ಲೈಟ್ ನೋಡಲು ಶುರು ಮಾಡಿದೆ.

ಮೊದಲು ತಂದಿದ್ದು ಸೋಲಾರ್. ವೈರ್ ಬೇಡ, ಎರಡು ಸ್ಕ್ರೂ ಹಾಕಿದರೆ ಆಯ್ತು. ಡಬ್ಬದ ಮೇಲೆ 100 ಎಲ್‌ಇಡಿ ಅಂತ ದೊಡ್ಡದಾಗಿ ಬರೆದಿತ್ತು. ಎಲ್‌ಇಡಿ ಎಷ್ಟಿವೆ ಅನ್ನುವುದರಿಂದ ಬೆಳಕು ಎಷ್ಟು ಅಂತ ಗೊತ್ತಾಗುವುದಿಲ್ಲ, ಬೆಳಕಿನ ಅಳತೆ ಲ್ಯೂಮೆನ್, ಅದನ್ನು ನೋಡಬೇಕು. ಅದಕ್ಕಿಂತ ಮುಖ್ಯ ಒಳಗಿನ ಬ್ಯಾಟರಿ. ನನ್ನದರಲ್ಲಿ ಇದ್ದದ್ದು 3.7 ವೋಲ್ಟಿನ 1200 ಎಂಎಎಚ್ ಸೆಲ್. ಲೆಕ್ಕ ಹಾಕಿದರೆ 30 ವ್ಯಾಟಿನ ದೀಪವನ್ನು ಅದು ಒಂಬತ್ತು ನಿಮಿಷವೂ ಉರಿಸಲಾರದು. ಬೇಸಿಗೆಯಲ್ಲಿ ದೂರಲಿಲ್ಲ, ಮಂದ ಬೆಳಕಾದರೂ ಬರುತ್ತಿತ್ತು. ಜುಲೈ ಬಂತು, ವಾರಗಟ್ಟಲೆ ಬಿಸಿಲಿಲ್ಲ, ರಾತ್ರಿ ಎಂಟೂವರೆಗೆಲ್ಲಾ ಆರಿ ಹೋಗುತ್ತಿತ್ತು. ಹಾವಿನ ಭಯ ಜಾಸ್ತಿ ಇರುವುದೇ ಮಳೆಗಾಲದಲ್ಲಿ, ಅಲ್ವಾ? ಚಿತ್ರದುರ್ಗ, ಬಳ್ಳಾರಿ ಕಡೆ ಇದ್ದಿದ್ದರೆ ಬೇರೆ ಮಾತು ಹೇಳುತ್ತಿದ್ದೆನೇನೋ. ಮಲೆನಾಡಿಗೆ ಬೇಡ.

ಎರಡನೆಯದು 50 ವ್ಯಾಟಿನ ಫ್ಲಡ್ ಲೈಟ್. ಸೆನ್ಸರ್ ಅದರ ಹೊಟ್ಟೆಯಲ್ಲೇ ಇತ್ತು. ಬೆಳಕು ಸಿಕ್ಕಾಪಟ್ಟೆ, 6500 ಕೆಲ್ವಿನ್, ಟ್ಯೂಬ್‌ಲೈಟಿನ ಬಿಳಿ. ಒದ್ದೆ ಕಲ್ಲು ಚಪ್ಪಡಿ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು, ಬೆಳಕಿನ ಅಂಚಿನ ಆಚೆ ಮೊದಲಿಗಿಂತ ಗಾಢ ಕತ್ತಲೆ. ಜೊತೆಗೆ ಹುಳಗಳು. ಬಿಳಿ ಬೆಳಕಿಗೆ ಹುಳ ಜಾಸ್ತಿ ಬರುತ್ತವೆ, ಹಳದಿಗೆ ಕಡಿಮೆ. ಕೆಲವು ದಿನ ಅದನ್ನು ರಾತ್ರಿಯಿಡೀ ಉರಿಯಲು ಬಿಟ್ಟಿದ್ದೆ. ಹುಳ ಬಿದ್ದಲ್ಲಿ ಕಪ್ಪೆ ಬಂದವು, ಗೋಡೆ ತುಂಬಾ ಹಲ್ಲಿ. ಕಪ್ಪೆ ಇದ್ದಲ್ಲಿಗೆ ಹಾವು ಬರುವುದಕ್ಕೆ ಯಾರೂ ಕರೆಯಬೇಕಿಲ್ಲ. ಹಾವಿಗೆ ಹೆದರಿ ಹಾಕಿದ ದೀಪವೇ ಅದಕ್ಕೆ ಊಟ ಕೂಡಿ ಹಾಕುತ್ತಿದೆ ಅಂತ ಗೊತ್ತಾದ ದಿನ ನನಗೆ ನಿಜಕ್ಕೂ ಬೇಜಾರಾಯಿತು. ಆಮೇಲೆ ಒಂದು ಗುಡುಗಿನ ಸಂಜೆ ಅದು ಸುಟ್ಟೇ ಹೋಯಿತು. ಎಲ್ಲಾ ಒಂದೇ ಡಬ್ಬದಲ್ಲಿ ಇದ್ದದ್ದರಿಂದ ಪೂರ್ತಿ ಎಸೆಯಬೇಕಾಯಿತು.

ಈಗ ಇರುವುದು ಬಿಡಿ ಸೆನ್ಸರ್, ಬಿಡಿ ದೀಪ. ಮೈಯ ಶಾಖದಿಂದ ಓಡಾಟ ಗುರುತಿಸುವ ಪಿಐಆರ್ ಸೆನ್ಸರ್ 450 ರೂಪಾಯಿ, 20 ವ್ಯಾಟಿನ 3000 ಕೆಲ್ವಿನ್ ಹಳದಿ ಫ್ಲಡ್ ಲೈಟ್ 700. ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಕ್ಕಿತು. ಎರಡರಲ್ಲಿ ಒಂದು ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಲ್ಯೂಮೆನ್ 2000ದ ಹತ್ತಿರ, ನಮ್ಮ ಹಿತ್ತಲಿಗೆ ಧಾರಾಳ ಸಾಕು. ಹೊರಗಡೆಗೆ ಐಪಿ65 ಬರೆದಿರುವುದನ್ನೇ ತೆಗೆದುಕೊಳ್ಳಿ, ಧೂಳು ಹೋಗುವುದಿಲ್ಲ, ಎರಚಲು ಮಳೆಗೂ ತಡೆಯುತ್ತದೆ. ಸೆನ್ಸರ್ ಮೇಲೆ ಐಪಿ44 ಅಂತ ಇದ್ದರೆ ಸೂರಿನ ಕೆಳಗೆ ಹಾಕಿ.

ಸೆನ್ಸರ್ ಎಲ್ಲಿ ಕೂರಿಸಬೇಕು ಅನ್ನುವುದರಲ್ಲೇ ಎಲ್ಲಾ ಇದೆ. ಪಿಐಆರ್ ನೋಡುವುದು ಮೈಯ ಶಾಖವನ್ನು. ಮುಂದಿರುವ ಬಿಳಿ ಗುಮ್ಮಟದ ಲೆನ್ಸ್ ಎದುರಿನ ಜಾಗವನ್ನು ಬೀಸಣಿಗೆಯ ಹಾಗೆ ಪಟ್ಟಿಪಟ್ಟಿ ಮಾಡುತ್ತದೆ, ಬೆಚ್ಚಗಿನ ಮೈ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ದೀಪ ಹೊತ್ತುತ್ತದೆ. ಅಡ್ಡ ನಡೆದರೆ ಬೇಗ, ನೇರ ಅದರ ಕಡೆಗೇ ನಡೆದು ಬಂದರೆ ತಡ. ನಾನು ಮೊದಲು ಬಾಗಿಲಿನ ಎದುರಿಗೇ, ಬಚ್ಚಲ ಗೋಡೆಗೆ ಹಾಕಿದ್ದೆ. ಅಮ್ಮ ಅರ್ಧ ದಾರಿ ಬಂದ ಮೇಲೆ ಹೊತ್ತುತ್ತಿತ್ತು. ಅಲ್ಲಿಂದ ತೆಗೆದು ಕೊಟ್ಟಿಗೆಯ ಮೂಲೆಗೆ, ಏಳೂವರೆ ಅಡಿ ಎತ್ತರಕ್ಕೆ ಹಾಕಿದೆ. ಈಗ ಮೊದಲ ಮೆಟ್ಟಿಲಿಗೇ ಬೆಳಕು. ಬಚ್ಚಲ ಒಲೆಯ ಬಾಯಿ ಮಾತ್ರ ಅದರ ಕಣ್ಣಿಗೆ ಬೀಳಬಾರದು, ಹಂಡೆಗೆ ಬೆಂಕಿ ಹಾಕಿದಾಗೆಲ್ಲಾ ಸುಮ್ನೆ ಹತ್ತಿಕೊಳ್ಳುತ್ತದೆ. ದೀಪದ ಬೆಳಕೂ ಸೆನ್ಸರ್ ಮೇಲೆ ಬೀಳಬಾರದು. ಬಿದ್ದರೆ ಬೆಳಗಾಯಿತು ಅಂತ ಆರಿಸುತ್ತದೆ, ಕತ್ತಲಾಯಿತು ಅಂತ ಮತ್ತೆ ಹಚ್ಚುತ್ತದೆ.

ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ಈ ಸೆನ್ಸರ್ ಹಾವನ್ನು ನೋಡುವುದಿಲ್ಲ. ಹಾವಿನ ಮೈ ಸುತ್ತಲಿನ ನೆಲದಷ್ಟೇ ತಣ್ಣಗಿರುತ್ತದೆ. ದೀಪ ಹತ್ತಿಲ್ಲ ಅಂದರೆ ಅಲ್ಲಿ ಏನೂ ಇಲ್ಲ ಅಂತ ಅರ್ಥ ಅಲ್ಲ. ನೀವು ಹೊರಗೆ ಬಂದಾಗ ನಿಮ್ಮಿಂದ ಹತ್ತುತ್ತದೆ, ಆಗ ನೀವೇ ನೆಲ ನೋಡಬೇಕು. ಮನೆಯಲ್ಲಿ ಎಲ್ಲರಿಗೂ ಇದನ್ನು ಹೇಳಿದ್ದೇನೆ.

ಜೋಡಿಸುವುದು ಕಷ್ಟವಲ್ಲ, ಆದರೆ ಒದ್ದೆ ಗೋಡೆಯ ಕೆಲಸ, ಎಲೆಕ್ಟ್ರಿಷಿಯನ್ ಕರೆಸಿ. ಸೆನ್ಸರಿಗೆ ಮೂರು ವೈರ್: ಸಾಮಾನ್ಯವಾಗಿ ಕಂದು ಫೇಸ್, ನೀಲಿ ನ್ಯೂಟ್ರಲ್, ಕೆಂಪು ದೀಪಕ್ಕೆ ಹೋಗುವುದು. ಕಂದಿಗೂ ಕೆಂಪಿಗೂ ಮಧ್ಯೆ ಒಂದು ಸ್ವಿಚ್ ಹಾಕಿಸಿಕೊಳ್ಳಿ. ಹಸು ಕರು ಹಾಕುವ ರಾತ್ರಿ ದೀಪ ಒಂದೇ ಸಮ ಬೇಕಾದಾಗ, ಅಥವಾ ಸೆನ್ಸರ್ ಕೈಕೊಟ್ಟಾಗ, ಆ ಸ್ವಿಚ್ ಹಾಕಿದರಾಯಿತು. ವೈರ್ ಕೆಳಗಿನಿಂದ ಒಳಗೆ ಹೋಗಲಿ, ಹೋಗುವ ಮೊದಲು ಒಂದು ಬಾಗು ಇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಲೋಹದ ಮೈಗೆ ಅರ್ಥಿಂಗ್ ಬೇಕೇ ಬೇಕು, ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಇದ್ದರೆ ನೆಮ್ಮದಿ.

ಸೆನ್ಸರ್ ಕೆಳಗೆ ತಿರುಪುಗಳಿವೆ. ಸಮಯದ್ದನ್ನು ಎರಡು ನಿಮಿಷಕ್ಕೆ ಇಟ್ಟಿದ್ದೇನೆ, ಅಮ್ಮ ನಿಧಾನ. ಸೂರ್ಯ, ಚಂದ್ರನ ಚಿತ್ರ ಇರುವುದನ್ನು ಚಂದ್ರನ ಕಡೆ ತಿರುಗಿಸಿದರೆ ಹಗಲು ಹೊತ್ತುವುದಿಲ್ಲ. 20 ವ್ಯಾಟ್ ರಾತ್ರಿ 12 ಗಂಟೆ ಉರಿದರೆ ತಿಂಗಳಿಗೆ 7 ಯೂನಿಟ್ ದಾಟುತ್ತದೆ. ಈಗ ದಿನಕ್ಕೆ ಒಂದು ಗಂಟೆಯೂ ಉರಿಯುವುದಿಲ್ಲ, ಅರ್ಧ ಯೂನಿಟ್ ಆಸುಪಾಸು. ಕಪ್ಪೆಗಳ ಜಾತ್ರೆ ನಿಂತಿದೆ. ಮೇ ಕೊನೆಗೆ ಬಾವಿಯ ಹಿಂದಿನ ಪೊದೆಯಲ್ಲಿ ಮಿಣುಕು ಹುಳಗಳೂ ಕಂಡವು, ಹಿಂದಿನ ವರ್ಷ ಆ ಬಿಳಿ ಬೆಳಕಿನಲ್ಲಿ ಒಂದೂ ಕಂಡಿರಲಿಲ್ಲ.

ಕೊರತೆಯೂ ಇದೆ. ಸಂಜೆ ಸೆಖೆ ಇದ್ದಾಗ ಸೆನ್ಸರ್ ಸ್ವಲ್ಪ ಮಂದ, ಮನುಷ್ಯನ ಮೈಗೂ ಗಾಳಿಗೂ ಶಾಖದ ವ್ಯತ್ಯಾಸ ಕಡಿಮೆಯಾಗುತ್ತದೆ. ಬೆಕ್ಕಿಗೂ ಹೊತ್ತುತ್ತದೆ. ಕರೆಂಟ್ ಹೋಗಿ ಬಂದರೆ ಅರ್ಧ ನಿಮಿಷ ಸುಧಾರಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಬರುವುದಕ್ಕಿಂತ ಹೋಗುವುದೇ ಹೆಚ್ಚು. ಅದಕ್ಕೆ ಅಮ್ಮನ ಟಾರ್ಚ್ ಇನ್ನೂ ಹಿತ್ತಲ ಬಾಗಿಲ ಪಕ್ಕದ ಮೊಳೆಯಲ್ಲೇ ಇದೆ, ಭಾನುವಾರ ಅದನ್ನು ಚಾರ್ಜಿಗೆ ಹಾಕುವುದು ನನ್ನ ಕೆಲಸ.