ಹವಾ ತುಂಬೋ ಕ್ಯಾನಿಗೇ ನನ್ನ ವೋಟು, ಹನಿ ನೀರಿನ ಕಾಟ ಇದ್ದರೂ

ಬಿಸಾಡುವ ಏರ್ ಡಸ್ಟರ್ ಡಬ್ಬಿ, ಕೈಯಲ್ಲಿ ಹಿಡಿಯುವ ಕರೆಂಟ್ ಬ್ಲೋವರ್, 24 ಲೀಟರ್ ಟ್ಯಾಂಕಿನ ಸಣ್ಣ ಕಂಪ್ರೆಸರ್, ಬೈಕ್ ಪಂಪಿನಿಂದ ಹವಾ ತುಂಬುವ ಅಲ್ಯೂಮಿನಿಯಂ ಕ್ಯಾನ್. ನಾಲ್ಕನ್ನೂ ಬಳಸಿದ ಮೇಲೆ ದಿನಾ ಬ್ಯಾಗಿನಲ್ಲಿ ಉಳಿದದ್ದು ಕೊನೆಯದೊಂದೇ. ಕೆಲಸ ಏನೆಂದರೆ ರಬಕವಿ-ಬನಹಟ್ಟಿ ಕಡೆಯ ಪವರ್‌ಲೂಮ್ ಶೆಡ್ಡುಗಳ ಕಂಟ್ರೋಲ್ ಬೋರ್ಡು, ಹೊಲಿಗೆ ಯಂತ್ರ, ಅಂಗಡಿಗಳ ಬಿಲ್ಲಿಂಗ್ ಕಂಪ್ಯೂಟರು ಬಿಚ್ಚಿ ಧೂಳು ಊದುವುದು, ಬೇಕಾದಲ್ಲಿ ಎಣ್ಣೆ ಹೊಡೆಯುವುದು. ಧೂಳು ಕೂಡ ಊರಿಗೊಂದು ಥರ. ಬನಹಟ್ಟಿಯಲ್ಲಿ ನೂಲಿನ ಅರಳೆ, ವಿಜಯಪುರದ ಕಡೆ ಹಿಟ್ಟಿನಂಥ ಎರಿ ಮಣ್ಣು, ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಬ್ಬಿಣದ ಪುಡಿ. ಈ ಕಬ್ಬಿಣದ ಪುಡಿಗೆ ಯಾವ ಹವಾನೂ ಬೇಡ. ಕಬ್ಬಿಣದ ಪುಡಿಯಲ್ಲಿ ಕರೆಂಟ್ ಹರಿಯುತ್ತದೆ. ಊದಿದರೆ ಅದು ಐಸಿ (ಬೋರ್ಡಿನ ಮೇಲಿನ ಚಿಪ್) ಕಾಲುಗಳ ಅಡಿಗೇ ಹೋಗಿ ಕೂರುತ್ತದೆ. ಅಲ್ಲಿ ಬ್ರಷ್ ಆಡಿಸಿ ವ್ಯಾಕ್ಯೂಮ್‌ನಿಂದ ಎಳೆಯಬೇಕು.

ಹವಾ ತುಂಬುವ ಕ್ಯಾನ್ ಕೊಂಡವರು ಮೊದಲ ದಿನವೇ ಬೈಯುವುದು ಒಂದೇ ಮಾತಿಗೆ: ‘ಪುಸ್ ಅಂತು, ಮುಗೀತು.’ ಅದು ನಿಜ. ಅರ್ಧ ಲೀಟರಿನ ಕ್ಯಾನಿಗೆ 100 ಪಿಎಸ್‌ಐ, ಅಂದರೆ ಸುಮಾರು 7 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ತುಂಬಿದರೆ ಹೊರಗೆ ಬರುವ ಹವಾ ಮೂರೂವರೆ ಲೀಟರ್ ಅಷ್ಟೇ. ಬಿಸಾಡುವ ಡಬ್ಬಿಯಲ್ಲಿ ಇರುವುದು ಹವಾ ಅಲ್ಲ, ದ್ರವವಾಗಿ ನಿಂತ ಗ್ಯಾಸ್. ಫ್ರಿಜ್, ಕಾರಿನ ಎಸಿಗೆ ಬಳಸುವಂಥ 134ಎ ಗ್ಯಾಸ್ 300 ಗ್ರಾಂ ಇದ್ದರೆ ಅದು ಬಿಚ್ಚಿಕೊಂಡಾಗ ಸುಮಾರು 70 ಲೀಟರ್. ಲೆಕ್ಕ ಹಾಕಿದರೆ ಒಂದು ಡಬ್ಬಿ ಅಂದರೆ ಇಪ್ಪತ್ತು ಸಲ ತುಂಬಿದ ಕ್ಯಾನ್. ಇದನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ಆದರೂ ಕ್ಯಾನ್ ಕೆಲಸಕ್ಕೆ ಬರುವುದು ಮೂತಿಯ ರಂಧ್ರದಿಂದ. ರಂಧ್ರ 1 ಮಿ.ಮೀ. ಇದ್ದರೆ ಎರಡು ಮೂರು ಸೆಕೆಂಡಿನಲ್ಲಿ ಒತ್ತಡ ಅರ್ಧಕ್ಕೆ ಬೀಳುತ್ತದೆ. ಅದೇ ಕ್ಯಾನಿಗೆ 0.5 ಮಿ.ಮೀ. ನಳಿಗೆ ಸಿಕ್ಕಿಸಿದರೆ ಹತ್ತು ಸೆಕೆಂಡಿನ ಹತ್ತಿರ ಎಳೆಯುತ್ತದೆ. ಒತ್ತಿ ಹಿಡಿಯದೆ ‘ಪುಕ್, ಪುಕ್’ ಎಂದು ಅರ್ಧರ್ಧ ಸೆಕೆಂಡ್ ಊದಿದರೆ ಒಂದು ತುಂಬಿಗೆ ಹದಿನೈದು ಇಪ್ಪತ್ತು ಊದು. ಮೊದಲು ಒಣ ಬ್ರಷ್‌ನಿಂದ ಅರಳೆ ಸಡಿಲ ಮಾಡಿಕೊಂಡು, ಸಂದಿಗಳಿಗೆ ಮಾತ್ರ ಹವಾ ಕೊಡುವವರಿಗೆ ಇದು ಸಾಕು. ಬ್ರಷ್ ಹಿಡಿಯುವ ಅಭ್ಯಾಸವೇ ಇಲ್ಲದವರಿಗೆ ಸಾಲದು.

ಕ್ಯಾನಿಗೆ ಇರುವುದು ಬೈಕ್ ಟ್ಯೂಬಿನ ವಾಲ್ವೇ. ಹಾಗಾಗಿ ಬೈಕಿಗೆ ಹವಾ ಹೊಡೆಯುವ ಯಾವ ಪಂಪಾದರೂ ಆದೀತು. 250 ಮಿ.ಲೀ. ಬುಡ್ಡಿಯ ಪಂಪಾದರೆ ಲೆಕ್ಕಕ್ಕೆ ಹದಿನಾಲ್ಕು ಒತ್ತು, ಪೈಪಿನಲ್ಲಿ ಸತ್ತುಹೋಗುವ ಹವಾ ಸೇರಿಸಿ ಇಪ್ಪತ್ತು ಎನ್ನಿ. ಕೊನೆಯ ನಾಲ್ಕೈದು ಒತ್ತಿಗೆ ಕೈ ಬಲ ಸಾಲದು, ಮೈಭಾರ ಹಾಕಬೇಕು. 30 ಮಿ.ಮೀ. ಅಗಲದ ಪಿಸ್ಟನ್ ಮೇಲೆ 100 ಪಿಎಸ್‌ಐ ಅಂದರೆ 50 ಕಿಲೋ ತೂಕ. ಸಪೂರ ಪಿಸ್ಟನ್ನಿನ ಪಂಪ್ ಕೊಂಡರೆ ಒತ್ತು ಹೆಚ್ಚು, ಬೆವರು ಕಡಿಮೆ. ಕಾರಿನ 12 ವೋಲ್ಟ್ ಟಯರ್ ಇನ್‌ಫ್ಲೇಟರ್ ಇದ್ದರೆ ಇಷ್ಟು ರಗಳೆಯೂ ಇಲ್ಲ. ಆದರೆ ಅದರ ಪೈಪ್ ತಿರುಚಿ ಬಿಚ್ಚುವ ಥರದ್ದಾದರೆ ಬಿಚ್ಚುವಾಗಲೇ ತುಂಬಿದ್ದರಲ್ಲಿ ಒಂದಿಷ್ಟು ಪುಸ್ ಆಗಿಬಿಡುತ್ತದೆ. ಬೈಕ್ ಟಯರಿಗೆ ಅದು ಲೆಕ್ಕಕ್ಕಿಲ್ಲ, ಅರ್ಧ ಲೀಟರ್ ಕ್ಯಾನಿಗೆ ದೊಡ್ಡ ನಷ್ಟ. ಒತ್ತಿ ಕ್ಲಿಪ್ ಎತ್ತುವ ಮೂತಿ ಹಾಕಿಸಿಕೊಳ್ಳಿ.

ಇನ್ನು ನೀರಿನ ವಿಷಯ. ಈ ಕ್ಯಾನಿನ ನಿಜವಾದ ಕಾಟ ಇದೇ, ಮತ್ತು ಇದನ್ನು ತಿಳಿಯದೆ ಬೋರ್ಡ್ ಕೆಡಿಸಿಕೊಳ್ಳುವವರೇ ಹೆಚ್ಚು.

ಹವಾ ಒತ್ತಿದರೆ ಅದರೊಳಗಿನ ತೇವಕ್ಕೆ ಜಾಗ ಸಾಲದೆ ನೀರಾಗಿ ಇಳಿಯುತ್ತದೆ. ಬೆಳಗಾವಿಯ ಜುಲೈ ಮಳೆಯಲ್ಲಿ, 24 ಡಿಗ್ರಿ ಸೆಕೆಯಿಲ್ಲದ ದಿನ, ತೇವಾಂಶ ಶೇ. 90 ಇದ್ದರೆ ಒಂದು ಲೀಟರ್ ಹವಾದಲ್ಲಿ ಸುಮಾರು 20 ಮಿಲಿಗ್ರಾಂ ನೀರಿರುತ್ತದೆ. 7 ಬಾರ್ ತುಂಬಿದ ಅರ್ಧ ಲೀಟರ್ ಕ್ಯಾನಿನೊಳಗೆ ಮೊದಲಿಂದ ಇದ್ದದ್ದೂ ಸೇರಿ ನಾಲ್ಕು ಲೀಟರ್ ಹವಾ, ಅಂದರೆ 80 ಮಿಲಿಗ್ರಾಂ ನೀರು. ಆವಿಯಾಗಿ ಉಳಿಯಬಲ್ಲದ್ದು 11 ಮಿಲಿಗ್ರಾಂ ಮಾತ್ರ. ಮಿಕ್ಕದ್ದು ತಳದಲ್ಲಿ ಒಂದು ಹನಿ, ಕೊಂಚ ದಪ್ಪ ಹನಿ. ಒಂದು ತುಂಬಿಗೆ ಒಂದು ಹನಿ ಅಂದರೆ ಏನು ಮಹಾ ಅನ್ನಿಸುತ್ತದೆ. ಇಪ್ಪತ್ತು ತುಂಬಿದ ಮೇಲೆ ಒಂದು ಮಿ.ಲೀ. ದಾಟುತ್ತದೆ. ಆಗ ಕ್ಯಾನ್ ವಾಲಿಸಿ ಊದಿದರೆ ಮದರ್‌ಬೋರ್ಡಿನ ಮೇಲೆ ತುಂತುರು. ವಿಜಯಪುರದ ಏಪ್ರಿಲ್‌ನಲ್ಲಿ, 40 ಡಿಗ್ರಿ ಬಿಸಿಲು, ತೇವಾಂಶ ಶೇ. 20 ಇದ್ದಾಗ ಇದೇ ಲೆಕ್ಕ ಹಾಕಿದರೆ ಇಳಿಯುವುದು ಹನಿಯ ಮೂರನೇ ಒಂದು ಪಾಲು. ಅದಕ್ಕೇ ಒಬ್ಬರಿಗೆ ‘ಭಾರಿ ಛಲೋ ಕ್ಯಾನ್’, ಇನ್ನೊಬ್ಬರಿಗೆ ‘ನೀರು ಉಗುಳೋ ದರಿದ್ರ’. ಇಬ್ಬರದ್ದೂ ಒಂದೇ ಮಾಡೆಲ್.

ಪಂಕ್ಚರ್ ಅಂಗಡಿಯಲ್ಲಿ ತುಂಬಿಸಿದರೆ ನೀರಿನ ಜೊತೆ ಎಣ್ಣೆಯೂ ಬರುತ್ತದೆ. ಅಲ್ಲಿನ ಪಿಸ್ಟನ್ ಕಂಪ್ರೆಸರ್ ಎಣ್ಣೆಯಲ್ಲಿ ಓಡುವಂಥದ್ದು, ಟ್ಯಾಂಕಿಯ ತಳದ ಕಾಕ್ ಬಿಚ್ಚಿ ನೀರು ಬಿಡುವ ರೂಢಿ ಹೆಚ್ಚಿನ ಕಡೆ ಇಲ್ಲ. ಟಯರಿಗೆ ಅದರಿಂದ ಏನೂ ಆಗದು. ಇಳಕಲ್ ಸೀರೆಯ ಮಗ್ಗದ ಮೇಲೆ ಹಾಗೆ ತುಂಬಿದ ಕ್ಯಾನ್ ಊದಿ ನೋಡಿ: ರೇಷ್ಮೆ ಹಾಸಿನ ಮೇಲೆ ಸಾಸಿವೆ ಕಾಳಿನಷ್ಟು ಎಣ್ಣೆ ಚುಕ್ಕಿ ಬಿದ್ದರೆ ನೇಕಾರರು ಮತ್ತೆ ಶೆಡ್ಡಿಗೆ ಸೇರಿಸುವುದಿಲ್ಲ. ಹೊಲಿಗೆ ಯಂತ್ರದಲ್ಲಾದರೆ ಎಣ್ಣೆ ತಾಗಿದ ಅರಳೆ ಬಾಬಿನ್ ಕೇಸಿನ ಹಿಂದೆ ಕಂಬಳಿಯಂತೆ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಿಮಟದಿಂದ ಕೀಳಬೇಕು.

ಪರಿಹಾರ ಕಷ್ಟದ್ದಲ್ಲ. ಕೆಲಸ ಮುಗಿದ ಮೇಲೆ ಕ್ಯಾನ್ ತಲೆಕೆಳಗೆ ಹಿಡಿದು, ಉಳಿದ ಹವಾ ಪೂರ್ತಿ ಬಿಡಿ. ನೀರು ತಾನಾಗಿ ಮೊದಲು ಹಾರಿಹೋಗುತ್ತದೆ. ಊದುವಾಗ ಕ್ಯಾನ್ ನೆಟ್ಟಗೇ ಇರಲಿ, ಬೇಕಾದರೆ ಯಂತ್ರವನ್ನೇ ತಿರುಗಿಸಿ. ಪ್ರತಿ ಸಲ ಬೋರ್ಡಿಗೆ ಹಿಡಿಯುವ ಮುಂಚೆ ಒಂದು ಬಿಳಿ ಕಾಗದದ ಮೇಲೆ ಎರಡು ಸಲ ಊದಿ. ಒದ್ದೆ ಚುಕ್ಕಿ ಬಿದ್ದು ಆರಿದರೆ ನೀರು, ಕಾಗದದ ಹಿಂದೆ ಬೆಳಕು ಹಿಡಿದಾಗ ಆರದೆ ಪಾರದರ್ಶಕವಾಗಿ ಉಳಿದರೆ ಎಣ್ಣೆ. ಎಣ್ಣೆ ಕಂಡರೆ ಆ ಕ್ಯಾನ್ ಇನ್ನು ಬೋರ್ಡಿಗೆ ಬೇಡ. ಮಳೆಗಾಲಕ್ಕೆ ಪಂಪಿಗೂ ಕ್ಯಾನಿಗೂ ನಡುವೆ ಸಿಲಿಕಾ ಜೆಲ್ ತುಂಬಿದ, ಆ ಒತ್ತಡ ತಡೆಯುವ ಸಣ್ಣ ಡ್ರೈಯರ್ ಸಿಕ್ಕಿಸಿದರೆ ನೀರು ಅಲ್ಲೇ ನಿಲ್ಲುತ್ತದೆ. 50 ಗ್ರಾಂ ಜೆಲ್ ಸುಮಾರು 10 ಗ್ರಾಂ ನೀರು ಹೀರುತ್ತದೆ, ಅಷ್ಟಕ್ಕೆ ನೂರಕ್ಕೂ ಹೆಚ್ಚು ತುಂಬು. ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿದರೆ ಮತ್ತೆ ಹೊಸದು. ಅಡುಗೆಯ ಬಾಣಲೆ ಬೇಡ ಅಷ್ಟೇ.

ಇಲ್ಲಿ ಸಣ್ಣ ಕಂಪ್ರೆಸರಿಗೆ ಒಂದು ಮೇಲುಗೈ ಇದೆ. ಆಯಿಲ್-ಫ್ರೀ ಕಂಪ್ರೆಸರಿನ ಟ್ಯಾಂಕಿಯಲ್ಲಿ ಹವಾ ತಣಿಯುವಾಗ ನೀರು ಅಲ್ಲೇ ಇಳಿದುಬಿಡುತ್ತದೆ. ತಣಿದ ಟ್ಯಾಂಕಿಯಿಂದ ತುಂಬಿದ ಕ್ಯಾನಿನಲ್ಲಿ ಹನಿ ಬಲು ಕಡಿಮೆ. ಕಂಪ್ರೆಸರ್ ಓಡುತ್ತಿರುವಾಗಲೇ ತುಂಬಿದರೆ ಬಿಸಿ ಹವಾ ಕ್ಯಾನಿಗೆ ಬಂದು ತಣಿಯುತ್ತದೆ, ನೀರು ಅಲ್ಲಿ ಬೀಳುತ್ತದೆ. 24 ಲೀಟರ್ ಟ್ಯಾಂಕಿಯಲ್ಲಿ 8 ಬಾರ್ ಇದ್ದರೆ, 7ಕ್ಕೆ ಇಳಿಯುವ ತನಕ ಏಳು ಕ್ಯಾನ್ ತುಂಬುತ್ತದೆ, ಮೋಟರ್ ಮತ್ತೆ ಶುರು ಆಗದೆ. ಕರೆಂಟ್ ಹೋದ ಮಧ್ಯಾಹ್ನ ಇದು ಸಣ್ಣ ಉಪಕಾರವಲ್ಲ. ಅಂಗಡಿ ಇಟ್ಟುಕೊಂಡು ಕೂತವರಿಗೆ ಕಂಪ್ರೆಸರೇ ಸರಿ. ಬೈಕಿನ ಹಿಂದೆ ಕಟ್ಟಿಕೊಂಡು ಗುಳೇದಗುಡ್ಡಕ್ಕೂ ಜಮಖಂಡಿಗೂ ತಿರುಗುವವರಿಗೆ ಅದು ಆಗದ ಮಾತು.

ಬ್ಲೋವರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹವಾ ಧಾರಾಳ, ಒತ್ತಡ ಏನೂ ಇಲ್ಲ. ಕೂಲರ್, ಮಗ್ಗದ ಚೌಕಟ್ಟು, ಶೆಡ್ಡಿನ ಮೂಲೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಸಂದಿಯಲ್ಲಿ ಅಂಟಿದ ಅರಳೆಗೆ ನಿಷ್ಪ್ರಯೋಜಕ, ಹಿಂದಿನಿಂದ ಧೂಳು ಎಳೆದು ಮುಂದಿನಿಂದ ಅದನ್ನೇ ಉಗುಳುತ್ತದೆ. ಅರಳೆ ಹಾರುವ ಶೆಡ್ಡಿನಲ್ಲಿ ಅದರ ಮೋಟರಿನೊಳಗಿನ ಕಾರ್ಬನ್ ಬ್ರಷ್ ಕಿಡಿಯೂ ನೆನಪಿರಲಿ. ಕಂಪ್ಯೂಟರ್ ಫ್ಯಾನಿಗೆ ಹಿಡಿಯುವಾಗ ಒಂದು ಕಡ್ಡಿಯಿಂದ ಫ್ಯಾನ್ ತಡೆದು ಹಿಡಿಯಿರಿ, ಇಲ್ಲದಿದ್ದರೆ ಮಿತಿ ಮೀರಿ ತಿರುಗಿ ಬೇರಿಂಗ್ ಹೋಗುತ್ತದೆ.

ಬಿಸಾಡುವ ಡಬ್ಬಿಯಲ್ಲಿ ನೀರಿಲ್ಲ, ಎಣ್ಣೆಯಿಲ್ಲ, ಅದು ಒಪ್ಪತಕ್ಕದ್ದೇ. ಆದರೆ ಒತ್ತಿ ಹಿಡಿದರೆ ಕೈ ಸೇದುವಷ್ಟು ತಣ್ಣಗಾಗಿ ಒತ್ತಡ ಕುಸಿಯುತ್ತದೆ. ವಾಲಿಸಿದರೆ ಮೈನಸ್ 25 ಡಿಗ್ರಿಯ ಆಸುಪಾಸಿನ ದ್ರವವೇ ಚಿಮ್ಮುತ್ತದೆ, ಬೆರಳಿಗೆ ಬಿದ್ದರೆ ಬೊಬ್ಬೆ. 152ಎ ಎಂದು ಬರೆದಿದ್ದರೆ ಅದು ಹತ್ತಿಕೊಳ್ಳುವ ಗ್ಯಾಸ್, ಸೋಲ್ಡರಿಂಗ್ ಐರನ್ ಬಿಸಿ ಇರುವ ಮೇಜಿನ ಮೇಲೆ ಅದನ್ನು ಊದಬೇಡಿ. ನನಗೆ ಅದು ಒಲ್ಲೆ ಅನ್ನಿಸಿದ್ದು ಬೇಸಿಗೆಯಿಂದ. 134ಎ ಡಬ್ಬಿಯೊಳಗಿನ ಒತ್ತಡ 25 ಡಿಗ್ರಿಯಲ್ಲಿ 6.6 ಬಾರ್, 60 ಡಿಗ್ರಿಗೆ 16.8 ಬಾರ್. ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 60 ಆಗುವುದು ದೂರದ ಮಾತಲ್ಲ. ಬರೀ ಹವಾ ತುಂಬಿದ ಕ್ಯಾನ್ ಅದೇ ಬಿಸಿಲಿಗೆ ಒಂದು ಬಾರ್‌ನಷ್ಟು ಏರುತ್ತದೆ, ಅಷ್ಟೇ. ಖರ್ಚಿನ ಲೆಕ್ಕವೂ ಇದೆ: ದಿನಕ್ಕೆ ಎರಡು ಮೂರು ಯಂತ್ರ ಬಿಚ್ಚುವವರಿಗೆ ಡಬ್ಬಿ ವಾರ ಬಾಳಿದರೆ ಹೆಚ್ಚು.

ಸ್ಪ್ರೇ ಕೆಲಸಕ್ಕೆ ಬಂದರೆ ಪೈಪೋಟಿಯೇ ಇಲ್ಲ. ದ್ರವ ಹಾಕಲು ಬಾಯಿ ತೆರೆಯುವ, ಒಳಗೆ ಹೀರುವ ನಳಿಗೆ ಇರುವ ಕ್ಯಾನ್ ಬೇಕು. ಹವಾ ಪೂರ್ತಿ ಬಿಟ್ಟ ಮೇಲೇ ಬಾಯಿ ಬಿಚ್ಚಬೇಕು ಅನ್ನುವುದನ್ನು ಬೇರೆ ಹೇಳಬೇಕಿಲ್ಲ. ದ್ರವ ಅರ್ಧಕ್ಕೆ ನಿಲ್ಲಿಸಿ. ಅರ್ಧ ದ್ರವ, ಮೇಲೆ 7 ಬಾರ್ ಹವಾ ಇದ್ದರೆ ಕೊನೆಯ ಹನಿ ಹೊರಬರುವಾಗಲೂ ಸುಮಾರು 3 ಬಾರ್ ಉಳಿದಿರುತ್ತದೆ, ಹೊಗೆಯಂತೆ ಸಿಡಿಯುತ್ತದೆ. ಆಸೆಬುರುಕತನಕ್ಕೆ ಮುಕ್ಕಾಲು ತುಂಬಿದರೆ ಕೊನೆಗೆ ಉಳಿಯುವುದು 1 ಬಾರ್, ಆಗ ಉಗುಳುವುದು ಹನಿಹನಿ. ನಡುವೆ ಎರಡು ಪಂಪ್ ಹೊಡೆದರೂ ಸರಿಹೋಗುತ್ತದೆ.

ಹೊಲಿಗೆ ಯಂತ್ರದ ಬಿಳಿ ಎಣ್ಣೆ ನೇರವಾಗಿ ಹೋಗುತ್ತದೆ. 20ಡಬ್ಲ್ಯೂ-40 ಎಂಜಿನ್ ಆಯಿಲ್ ಸಿಡಿಯುವುದಿಲ್ಲ, ದಾರದಂತೆ ಬೀಳುತ್ತದೆ. ಚೈನು ಗಿಯರಿಗೆ ಬೇಕಾದರೆ ಸೀಮೆಎಣ್ಣೆ ಸಮ ಬೆರೆಸಿ. ಥಿನ್ನರ್ ಹಾಕಬೇಡಿ. ಹವಾ ಸೋರದಂತೆ ತಡೆಯುವ ಸಾಮಾನ್ಯ ಕಪ್ಪು ರಬ್ಬರ್ ಓ-ರಿಂಗ್ ಅದರಲ್ಲಿ ಉಬ್ಬಿ ಟ್ರಿಗರ್ ಸಿಕ್ಕಿಹಾಕಿಕೊಳ್ಳುತ್ತದೆ, ಒತ್ತಿದ್ದು ಮೇಲೆ ಬರುವುದೇ ಇಲ್ಲ. ಗ್ರಿಲ್ಲಿಗೆ ಬಣ್ಣದ ಟಚ್‌ಅಪ್ ಮಾಡಲೇಬೇಕಾದರೆ ರೆಡಿಮೇಡ್ ಸ್ಪ್ರೇ ಪೇಂಟ್ ಡಬ್ಬಿ ಕೊಳ್ಳಿ, ಕ್ಯಾನ್ ಉಳಿಯುತ್ತದೆ. ಎಣ್ಣೆ ಹೊಡೆದ ಮೇಲೆ ಎರಡು ಚಮಚ ಸೀಮೆಎಣ್ಣೆ ಹಾಕಿ ಮೂರು ಸೆಕೆಂಡ್ ಹೊಡೆದರೆ ಮೂತಿ ಕಟ್ಟುವುದಿಲ್ಲ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್‌ನಿಂದ ಮಾತ್ರ ಎಂದೂ ತುಂಬಿಸಬೇಡಿ: ಎಣ್ಣೆ ತಾಗಿದ ಕ್ಯಾನಿಗೆ ಒತ್ತಡದ ಆಕ್ಸಿಜನ್ ಹೋದರೆ ಅದೇ ಹತ್ತಿಕೊಳ್ಳುತ್ತದೆ.

ಹೀಗಾಗಿ ಊರೂರು ತಿರುಗುವ ಕೆಲಸಕ್ಕೆ ಎರಡು ಕ್ಯಾನ್ ಸಾಕು: ಊದಲು 1 ಲೀಟರಿನದು, ಎಣ್ಣೆಗೆ ಅರ್ಧ ಲೀಟರಿನದು, ಒಂದೇ ಪಂಪ್. ಮನೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ವರ್ಷಕ್ಕೆರಡು ಸಲ ಬಿಚ್ಚುವವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳದೆ ಬ್ರಷ್ಷು, ಬ್ಲೋವರಿನಲ್ಲಿ ಮುಗಿಸಬಹುದು. ಸ್ಟೀಲಿಗಿಂತ ಅಲ್ಯೂಮಿನಿಯಂ ಕೊಳ್ಳಿ, ತುಕ್ಕಿನ ಕೆಂಪು ನೀರು ಬರುವುದಿಲ್ಲ. ಗರಿಷ್ಠ ಒತ್ತಡ ಮೈಮೇಲೆ ಕೊರೆದಿರದ ಕ್ಯಾನ್ ಎಷ್ಟು ಅಗ್ಗವಾದರೂ ಬೇಡ.

ವಾಲ್ವಿನ ಟೋಪಿ ಕಳೆಯಬೇಡಿ. ಎರಿ ಮಣ್ಣಿನ ಒಂದು ಕಣ ವಾಲ್ವ್ ಪಿನ್ನಿನ ಸೀಟಿನ ಮೇಲೆ ಕೂತರೆ ರಾತ್ರಿ ತುಂಬಿಟ್ಟ ಕ್ಯಾನ್ ಬೆಳಿಗ್ಗೆ ಖಾಲಿ. ಅಂಗಡಿಯಲ್ಲೇ ಹವಾ ತುಂಬಿಸಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಎರಡು ನಿಮಿಷ ನೋಡಿ. ಗುಳ್ಳೆ ವಾಲ್ವಿನಿಂದ ಬಂದರೆ ಬೈಕ್ ಟ್ಯೂಬಿನ ಪಿನ್ನನ್ನೇ ಹಾಕಿ ಸರಿಮಾಡಬಹುದು. ಕುತ್ತಿಗೆಯ ಮಡಿಕೆಯಿಂದ ಬಂದರೆ ಅಲ್ಲೇ ವಾಪಸ್ ಕೊಡಿ.